ತೀರ್ಪಿನ ಹಿಂದೆ, ತೀರ್ಪಿನ ಮುಂದೆ: ಪರಿಸರ ನ್ಯಾಯವ್ಯವಸ್ಥೆಯ ಸುಧಾರಣೆ ಎಲ್ಲಿ ನಿಂತಿದೆ?

1996ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ತೊಗಲು ಹದ ಮಾಡುವ ಕಾರ್ಖಾನೆಗಳ ವಿರುದ್ಧ ಒಂದು ತೀರ್ಪು ಕೊಟ್ಟಿತು. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ವೆಲ್ಲೂರಿನ ಕಡೆ ಹರಿಯುವ ಪಾಲಾರ್ ನದಿಯನ್ನೂ ಅದರ ದಂಡೆಯ ಬಾವಿಗಳನ್ನೂ ಈ ಕಾರ್ಖಾನೆಗಳ ಕೊಳೆನೀರು ಕೆಡಿಸಿತ್ತು. ಸುಸ್ಥಿರ ಅಭಿವೃದ್ಧಿ, ಮುಂಜಾಗ್ರತೆಯ ತತ್ವ, ಮಲಿನ ಮಾಡಿದವರೇ ಬೆಲೆ ತೆರಬೇಕೆಂಬ ತತ್ವ ಇವೆಲ್ಲ ಈ ದೇಶದ ಕಾನೂನಿನ ಭಾಗವೇ ಎಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ಸಾರಿದ್ದು ಆ ತೀರ್ಪಿನಲ್ಲಿ. ಪರಿಸರ ಕಾನೂನಿನ ಪಾಠ ಇಂದಿಗೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. 2025ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟ್, ಅದೇ ವೆಲ್ಲೂರಿನ ಅದೇ ಉದ್ಯಮದ ಮಾಲಿನ್ಯದ ಬಗ್ಗೆ ಮತ್ತೊಂದು ತೀರ್ಪು ಬರೆಯಬೇಕಾಯಿತು. ಬಾಧಿತರಿಗೆ ಪರಿಹಾರ ಕೊಡಬೇಕು, ಅದನ್ನು ಮಲಿನ ಮಾಡಿದವರಿಂದ ವಸೂಲು ಮಾಡಬೇಕು, ನದಿಯನ್ನು ಸರಿಪಡಿಸಲು ಸಮಿತಿ ರಚಿಸಬೇಕು, ಪ್ರಕರಣವನ್ನು ಮುಚ್ಚದೆ ಕೋರ್ಟ್ ಕಣ್ಣಿಟ್ಟಿರಬೇಕು ಎಂದು ಆದೇಶವಾಯಿತು. ಎರಡು ತೀರ್ಪುಗಳ ನಡುವೆ 28 ವರ್ಷ ಕಳೆದಿತ್ತು.

ಅಭಿವೃದ್ಧಿ ಸುಸ್ಥಿರವಾಗಿರಬೇಕಾದರೆ ನ್ಯಾಯಾಲಯಗಳು ಹೇಗಿರಬೇಕು ಎಂಬ ಚರ್ಚೆಗೆ ಭಾರತದಲ್ಲಿ ಹತ್ತಿರಹತ್ತಿರ ಅರ್ಧ ಶತಮಾನದ ಚರಿತ್ರೆ ಇದೆ. ಆ ಚರ್ಚೆಯ ಬಹುಪಾಲು ತೀರ್ಪು ಕೊಡುವವರು ಯಾರಿರಬೇಕು ಎಂಬುದರ ಸುತ್ತಲೇ ಸುತ್ತಿದೆ. ಹೈಕೋರ್ಟೇ, ವಿಶೇಷ ನ್ಯಾಯಮಂಡಳಿಯೇ, ನ್ಯಾಯಾಧೀಶರ ಪಕ್ಕದಲ್ಲಿ ವಿಜ್ಞಾನಿ ಕೂರಬೇಕೇ, ಇಲ್ಲವೇ ಕೋರ್ಟುಗಳು ಹಿಂದೆ ಸರಿದು ಆಡಳಿತಕ್ಕೆ ಬಿಡಬೇಕೇ? ಇವು ಮುಖ್ಯವಾದ ಪ್ರಶ್ನೆಗಳೇ. ಆದರೆ ವೆಲ್ಲೂರಿನಂಥ ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿದರೆ ಸೋಲು ತೀರ್ಪಿನೊಳಗೆ ಇರುವುದಕ್ಕಿಂತ ತೀರ್ಪಿನ ಎರಡೂ ಬದಿಗಳಲ್ಲಿ ಹೆಚ್ಚು ಕಾಣುತ್ತದೆ. ತೀರ್ಪಿಗೆ ಮೊದಲು ನಂಬಬಹುದಾದ ಸಾಕ್ಷ್ಯ ಯಾರು ತರುತ್ತಾರೆ, ತೀರ್ಪಿನ ನಂತರ ಅದನ್ನು ನೆಲಕ್ಕಿಳಿಸುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಇದುವರೆಗಿನ ಯಾವ ಸುಧಾರಣೆಯೂ ಪೂರ್ತಿ ಉತ್ತರ ಕೊಟ್ಟಿಲ್ಲ ಎಂಬುದು ಈ ಲೇಖನದ ವಾದ.

ರತ್ಲಾಮ್‌ನ ಚರಂಡಿಯಿಂದ

ಈ ಚರಿತ್ರೆ ಶುರುವಾಗುವುದು ದೊಡ್ಡ ಕಾರ್ಖಾನೆಯಿಂದಲ್ಲ, ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ತೆರೆದ ಚರಂಡಿಯಿಂದ. ಅಲ್ಲಿನ ಒಂದು ವಾರ್ಡಿನ ನಿವಾಸಿಗಳು ಗಬ್ಬು ತಾಳಲಾರದೆ ಮ್ಯಾಜಿಸ್ಟ್ರೇಟರ ಬಳಿಗೆ ಹೋದರು. ಸಾರ್ವಜನಿಕ ಉಪದ್ರವವನ್ನು ತೆಗೆಸುವ, ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನ ಅಡಿ ಮ್ಯಾಜಿಸ್ಟ್ರೇಟರು ಪುರಸಭೆಗೆ ಆದೇಶ ಕೊಟ್ಟರು. ಪುರಸಭೆ ಹಣವಿಲ್ಲ ಎಂದಿತು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನೆಪವನ್ನು ಒಪ್ಪಲಿಲ್ಲ. ಜನರ ಆರೋಗ್ಯ ಕಾಯುವುದು ಪುರಸಭೆಯ ಕರ್ತವ್ಯ, ಬೊಕ್ಕಸ ಬರಿದಾಗಿದೆ ಎನ್ನುವುದು ಅದರಿಂದ ಬಿಡುಗಡೆ ಕೊಡುವುದಿಲ್ಲ ಎಂದರು. ಇಲ್ಲಿ ಗಮನಿಸಬೇಕಾದದ್ದು ದೂರು ಹೊರಟ ಜಾಗ. ಹೊಸ ಕಾನೂನು, ಹೊಸ ಪೀಠ ಯಾವುದೂ ಇಲ್ಲದೆ, ಕೈಗೆಟಕುವ ದೂರದಲ್ಲಿದ್ದ ಒಂದು ಕೆಳಹಂತದ ಕಚೇರಿ ಮೊದಲ ಆದೇಶ ಮಾಡಿತ್ತು. ಮುಂದಿನ ದಶಕಗಳಲ್ಲಿ ಪರಿಸರ ನ್ಯಾಯ ಮೇಲೇರಿದಷ್ಟೂ ಈ ಕೆಳಹಂತ ಮರೆವಿಗೆ ಸಂದಿತು.

ಅಷ್ಟರಲ್ಲಿ ಕಾನೂನಿನ ಚೌಕಟ್ಟು ಬೆಳೆಯುತ್ತಿತ್ತು. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಂತರ 1974ರಲ್ಲಿ ಜಲ ಮಾಲಿನ್ಯ ತಡೆ ಕಾಯ್ದೆ ಬಂತು. 1976ರ 42ನೇ ತಿದ್ದುಪಡಿ ಪರಿಸರ ರಕ್ಷಣೆಯನ್ನು ಸಂವಿಧಾನದ 48ಎ ಮತ್ತು 51ಎ(ಜಿ) ವಿಧಿಗಳಲ್ಲಿ ಸೇರಿಸಿತು. 1981ರಲ್ಲಿ ವಾಯು ಮಾಲಿನ್ಯ ಕಾಯ್ದೆ, 1984ರ ಭೋಪಾಲ್ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂದವು. ಕಾಯ್ದೆಗಳಿದ್ದರೂ ಅವನ್ನು ಜಾರಿಗೆ ತರಬೇಕಾದ ಮಂಡಳಿಗಳು ದುರ್ಬಲವಾಗಿದ್ದುದರಿಂದ ಜನ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಿಡಿದು ನೇರ ಮೇಲಿನ ಕೋರ್ಟುಗಳಿಗೆ ಹೋದರು. ಡೆಹ್ರಾಡೂನ್ ಕಣಿವೆಯ ಸುಣ್ಣದಕಲ್ಲಿನ ಗಣಿಗಳು ಮುಚ್ಚಿದ್ದು ಹೀಗೆ. 1985ರ ಡಿಸೆಂಬರಿನಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ, ಅಪಾಯಕಾರಿ ಉದ್ಯಮ ನಡೆಸುವವರ ಹೊಣೆಗೆ ಯಾವ ವಿನಾಯಿತಿಯೂ ಇಲ್ಲ ಎಂಬ ತತ್ವ ರೂಪುಗೊಂಡಿತು. 1987ರಲ್ಲಿ ಗಂಗೆಗೆ ಕೊಳೆ ಬಿಡುತ್ತಿದ್ದ ಕಾನ್ಪುರದ ಕಾರ್ಖಾನೆಗಳ ವಿಷಯದಲ್ಲಿ ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಕಾರ್ಮಿಕರಿಗೆ ಕನಿಷ್ಠ ಕೂಲಿ ಕೊಡಲಾಗದ ಉದ್ಯಮಕ್ಕೆ ಹೇಗೆ ಉಳಿಯುವ ಹಕ್ಕಿಲ್ಲವೋ ಹಾಗೆಯೇ ಪ್ರಾಥಮಿಕ ಶುದ್ಧೀಕರಣ ಘಟಕ ಕಟ್ಟಲಾಗದ ಕಾರ್ಖಾನೆಗೂ ಇಲ್ಲ ಎಂಬ ಅವರ ತರ್ಕ, ಆರ್ಥಿಕತೆಗೂ ಪರಿಸರಕ್ಕೂ ನಡುವೆ ಗೆರೆ ಎಳೆಯುವ ಅತ್ಯಂತ ಸ್ಪಷ್ಟ ಪ್ರಯತ್ನಗಳಲ್ಲಿ ಒಂದು. 1991ರ ಹೊತ್ತಿಗೆ ಶುದ್ಧ ಗಾಳಿ, ನೀರು 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರಿದ್ದವು.

ಮೇಲಿನ ಕೋರ್ಟನ್ನೇ ನಂಬುವವರು

ಹೀಗೆ ಬೆಳೆದ ಮೊದಲ ಚಿಂತನೆಯ ಪ್ರಕಾರ ಪರಿಸರದ ಪ್ರಶ್ನೆ ಮೂಲಭೂತ ಹಕ್ಕಿನ ಪ್ರಶ್ನೆ. ಅದನ್ನು ಕಾಯುವ ಶಕ್ತಿ ಸಂವಿಧಾನವೇ ನಿರ್ಮಿಸಿದ ಹೈಕೋರ್ಟು, ಸುಪ್ರೀಂ ಕೋರ್ಟುಗಳಿಗೆ ಮಾತ್ರ ಇದೆ. ರಾಜಕೀಯ ಬಲ, ಹಣಬಲ ಎರಡೂ ಇರುವವರ ಎದುರು ಬೇರೆ ಯಾವ ಸಂಸ್ಥೆಯೂ ನಿಲ್ಲಲಾರದು. ಈ ವಾದಕ್ಕೆ ಕರ್ನಾಟಕವೇ ಬಲವಾದ ಸಾಕ್ಷಿ ಒದಗಿಸುತ್ತದೆ. ಕುದುರೆಮುಖದಲ್ಲಿ ಗಣಿಗಾರಿಕೆ ನಡೆಸುತ್ತಿದ್ದುದು ಕೇಂದ್ರ ಸರ್ಕಾರದ್ದೇ ಕಂಪನಿ. ಅದಿರು ರಫ್ತಿನಿಂದ ವಿದೇಶಿ ವಿನಿಮಯ ಬರುತ್ತಿತ್ತು. ಅಂಥ ಯೋಜನೆಯನ್ನು ರಾಷ್ಟ್ರೀಯ ಉದ್ಯಾನದೊಳಗಿಂದ ಹೊರಹಾಕಲು 2002ರ ಅಕ್ಟೋಬರಿನ ಸುಪ್ರೀಂ ಕೋರ್ಟ್ ತೀರ್ಪೇ ಬೇಕಾಯಿತು. 2005ರ ಕೊನೆಗೆ ಗಣಿ ನಿಂತಿತು, ಭದ್ರಾ ನದಿಗೆ ಹರಿಯುತ್ತಿದ್ದ ಹೂಳಿನ ಮೂಲ ಮುಚ್ಚಿತು.

ಆದರೆ ಕುದುರೆಮುಖದ ತೀರ್ಪು ಜಾರಿಯಾಗಲು ಅದರ ಸ್ವರೂಪವೂ ಕಾರಣ. ಪ್ರತಿವಾದಿ ಒಬ್ಬರೇ, ಜಾಗ ಒಂದೇ, ಆದೇಶವೂ ಒಂದೇ ಮಾತಿನದು: ಇಂಥ ದಿನಕ್ಕೆ ನಿಲ್ಲಿಸಿ. ಆದೇಶ ಪಾಲನೆಯಾಯಿತೇ ಎಂದು ತಿಳಿಯಲು ಪ್ರಯೋಗಾಲಯವೇ ಬೇಕಿರಲಿಲ್ಲ. ನೂರಾರು ಘಟಕಗಳು ಹರಡಿಕೊಂಡಿರುವ ಕಡೆ, ಕೆಡಿಸಿದ್ದನ್ನು ಸರಿಪಡಿಸಬೇಕಾದ ಕಡೆ ಇದೇ ಕೋರ್ಟಿನ ಕೈ ಸೋತಿದೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಚ್ರಿ ಗ್ರಾಮದ ಬಾವಿಗಳನ್ನು ರಾಸಾಯನಿಕ ಘಟಕಗಳು ವಿಷ ಮಾಡಿದ ಪ್ರಕರಣದಲ್ಲಿ 1996ರಲ್ಲೇ ತೀರ್ಪು ಬಂತು. ಅರ್ಜಿಯ ಮೇಲೆ ಅರ್ಜಿ ಹಾಕಿ ಕಂಪನಿ ಹಣ ಕಟ್ಟುವುದನ್ನು ಮುಂದೂಡುತ್ತಲೇ ಬಂತು. 2011ರಲ್ಲಿ ಸುಪ್ರೀಂ ಕೋರ್ಟ್ 37 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತಕ್ಕೆ ಚಕ್ರಬಡ್ಡಿ ಸೇರಿಸಿ ಕಟ್ಟುವಂತೆ ಆದೇಶಿಸಬೇಕಾಯಿತು. ದೇಶದ ಅತ್ಯುನ್ನತ ಪೀಠದ ಆದೇಶಕ್ಕೇ ಈ ಗತಿಯಾದರೆ ಅಧಿಕಾರದ ಎತ್ತರವೊಂದೇ ಜಾರಿಯನ್ನು ತಂದುಕೊಡುವುದಿಲ್ಲ ಎಂದು ಒಪ್ಪಲೇಬೇಕು. ಕೋರ್ಟ್ ಇದಕ್ಕೆ ಕಂಡುಕೊಂಡ ಉಪಾಯ, ಪ್ರಕರಣವನ್ನು ಮುಗಿಸದೆ ವರ್ಷಾನುವರ್ಷ ಮಧ್ಯಂತರ ಆದೇಶಗಳ ಮೂಲಕ ಹಿಡಿದಿಟ್ಟುಕೊಳ್ಳುವುದು. 1995ರಲ್ಲಿ ದಾಖಲಾದ ಗೋದವರ್ಮನ್ ಅರಣ್ಯ ಪ್ರಕರಣ ಹಾಗೆಯೇ ಮೂರು ದಶಕ ನಡೆದಿದೆ. ಅದು ಅರಣ್ಯ ಉಳಿಸಿದ್ದು ನಿಜ. ಒಂದು ಪೀಠ ಇಡೀ ದೇಶದ ಅರಣ್ಯ ಇಲಾಖೆಯ ಹಾಗೆ ಕೆಲಸ ಮಾಡಬೇಕಾಯಿತು ಎಂಬುದೂ ನಿಜ.

ವಿಜ್ಞಾನಿಯೂ ಪೀಠದಲ್ಲಿರಲಿ ಎಂದವರು

ಎರಡನೆಯ ಚಿಂತನೆ ಹುಟ್ಟಿದ್ದು ನ್ಯಾಯಾಧೀಶರ ಸ್ವಂತ ಅನುಭವದಿಂದ. ಓಲಿಯಂ ಪ್ರಕರಣದಲ್ಲೇ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ಒಬ್ಬ ನ್ಯಾಯಾಧೀಶರೂ ಇಬ್ಬರು ತಜ್ಞರೂ ಇರುವ ಪರಿಸರ ನ್ಯಾಯಾಲಯಗಳನ್ನು ಪ್ರದೇಶವಾರು ಸ್ಥಾಪಿಸಬೇಕೆಂದು ಸಲಹೆ ಮಾಡಿತ್ತು. 1999ರಲ್ಲಿ ಹೈದರಾಬಾದಿನ ಕುಡಿಯುವ ನೀರಿನ ಜಲಾಶಯಗಳ ಸಮೀಪ ಬರಲಿದ್ದ ಕಾರ್ಖಾನೆಯ ಪ್ರಕರಣದಲ್ಲಿ ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಇದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದರು. ವಿಜ್ಞಾನ ನಿಶ್ಚಿತ ಉತ್ತರ ಕೊಡದ ಕಡೆ ಕಾನೂನು ಮಾತ್ರ ಓದಿದವರು ತೀರ್ಮಾನಿಸುವುದು ಹೇಗೆ ಎಂಬುದು ಅವರ ಚಿಂತೆ. ಬಳಿಕ ಅವರೇ ಅಧ್ಯಕ್ಷರಾಗಿದ್ದ ಕಾನೂನು ಆಯೋಗ 2003ರಲ್ಲಿ ತನ್ನ 186ನೇ ವರದಿಯಲ್ಲಿ ಪರಿಸರ ನ್ಯಾಯಾಲಯಗಳ ನಕ್ಷೆ ಹಾಕಿಕೊಟ್ಟಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 1980ರಿಂದ ನಡೆಸುತ್ತಿದ್ದ ಭೂಮಿ ಮತ್ತು ಪರಿಸರ ನ್ಯಾಯಾಲಯ ಆಯೋಗದ ಕಣ್ಣೆದುರಿಗಿತ್ತು.

ಈ ನಡುವೆ ಸಂಸತ್ತು ಎರಡು ಬಾರಿ ಕೈಹಾಕಿ ಎರಡು ಬಾರಿಯೂ ಕೆಲಸ ಅರ್ಧಕ್ಕೆ ಬಿಟ್ಟಿತ್ತು. 1995ರ ರಾಷ್ಟ್ರೀಯ ಪರಿಸರ ನ್ಯಾಯಮಂಡಳಿ ಕಾಯ್ದೆ ಪುಸ್ತಕದಲ್ಲೇ ಉಳಿಯಿತು. 1997ರ ಕಾಯ್ದೆಯಂತೆ ಬಂದ ಮೇಲ್ಮನವಿ ಪ್ರಾಧಿಕಾರಕ್ಕೆ ಮೊದಲ ಅಧ್ಯಕ್ಷರ ನಂತರ ವರ್ಷಗಟ್ಟಲೆ ಅಧ್ಯಕ್ಷರೇ ಇರಲಿಲ್ಲ. ಕೊನೆಗೆ 2010ರ ಅಕ್ಟೋಬರ್ 18ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಸ್ತಿತ್ವಕ್ಕೆ ಬಂತು. ದೆಹಲಿಯ ಪ್ರಧಾನ ಪೀಠದ ಜೊತೆಗೆ ಭೋಪಾಲ್, ಪುಣೆ, ಕೋಲ್ಕತ್ತ, ಚೆನ್ನೈ ಪೀಠಗಳಾದವು. ಕರ್ನಾಟಕ ಚೆನ್ನೈಗೆ ಸೇರಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಟ್ಟುಪಾಡುಗಳಿಂದ ಬಿಡುಗಡೆ, ಆರು ತಿಂಗಳಲ್ಲಿ ಇತ್ಯರ್ಥದ ಗುರಿ, ತೀರ್ಮಾನಿಸುವಾಗ ಸುಸ್ಥಿರ ಅಭಿವೃದ್ಧಿಯ ತತ್ವವನ್ನು ಅನ್ವಯಿಸಲೇಬೇಕೆಂಬ 20ನೇ ಕಲಮು: ಕಾಗದದ ಮೇಲೆ ಇದು ಜಗತ್ತಿನ ಬಲವಾದ ಪರಿಸರ ನ್ಯಾಯಮಂಡಳಿಗಳಲ್ಲಿ ಒಂದು. ಇದೇ ಹೊತ್ತಿಗೆ ಹೊರಗೂ ಅಲೆ ಎದ್ದಿತ್ತು. ಫಿಲಿಪ್ಪೀನ್ಸ್ 2008ರಲ್ಲಿ 117 ವಿಚಾರಣಾ ನ್ಯಾಯಾಲಯಗಳನ್ನು ಪರಿಸರ ನ್ಯಾಯಾಲಯಗಳೆಂದು ಗುರುತಿಸಿತು; ಕೀನ್ಯಾ ತನ್ನ 2010ರ ಸಂವಿಧಾನದ ಬಲದಿಂದ ಪರಿಸರ ಮತ್ತು ಭೂಮಿ ನ್ಯಾಯಾಲಯ ತೆರೆಯಿತು.

ತಜ್ಞ ಪೀಠದಿಂದ ಏನು ಸಿಕ್ಕಿತು? ದೂರು ಕೊಡುವುದು ಸುಲಭವಾಯಿತು, ಸುದ್ದಿಪತ್ರಿಕೆಯ ವರದಿಯ ಮೇಲೂ ಪ್ರಕರಣ ಶುರುವಾಯಿತು. ಸ್ವಯಂಪ್ರೇರಿತವಾಗಿ ವಿಚಾರಣೆ ಎತ್ತಿಕೊಳ್ಳುವ ಅಧಿಕಾರ ಅದಕ್ಕಿದೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಒಪ್ಪಿತು. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ, 2017ರಲ್ಲಿ ಬೆಂಕಿಯನ್ನೂ ಹೊತ್ತಿಸಿಕೊಂಡಾಗ ಕೈಹಾಕಿದ್ದು ಹಸಿರು ನ್ಯಾಯಮಂಡಳಿಯೇ. 2018ರ ಡಿಸೆಂಬರಿನಲ್ಲಿ ಅದು ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿ, 500 ಕೋಟಿ ತೆಗೆದಿರಿಸಲು ಹೇಳಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ನೇತೃತ್ವದ ಸಮಿತಿಯನ್ನು ನೇಮಿಸಿತು. ಹೂಳೆತ್ತುವ ಕೆಲಸ ಶುರುವಾಯಿತು, ಗಡುವುಗಳು ಮುಂದೆ ಹೋಗುತ್ತಲೂ ಬಂದವು.

ಆದರೆ ತಜ್ಞರು ಪೀಠದಲ್ಲಿದ್ದರೂ ನ್ಯಾಯಮಂಡಳಿ ಹೊರಗಿನ ಸಮಿತಿಗಳ ವರದಿಯ ಮೇಲೇ ಒರಗಿದ್ದು ಈ ಚಿಂತನೆಯ ದೊಡ್ಡ ಸೋಲು. ಮಾಲಿನ್ಯ ನಿಯಂತ್ರಣ ಮಂಡಳಿ, ಜಿಲ್ಲಾಧಿಕಾರಿ, ಇನ್ನೊಂದು ಇಲಾಖೆ ಸೇರಿದ ಸಮಿತಿ ಹೋಗಿ ನೋಡಿ ಬರೆದದ್ದು ಬಹಳ ಸಲ ತೀರ್ಪಿನ ಜಾಗದಲ್ಲೇ ಕೂತಿತು. ತೀರ್ಮಾನಿಸುವ ಕೆಲಸವನ್ನು ಸಮಿತಿಗೆ ಒಪ್ಪಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021, 2022ರ ತೀರ್ಪುಗಳಲ್ಲಿ ಎಚ್ಚರಿಸಿತು. ಎದುರಾಳಿಯ ಮಾತು ಕೇಳದೆ ಕೋಟಿಗಟ್ಟಲೆ ದಂಡ ಹಾಕುವ ರೂಢಿಯನ್ನು 2024ರ ಜನವರಿಯಲ್ಲಿ ಟೀಕಿಸಿತು. 2019ರಲ್ಲಿ ಬೆಂಗಳೂರಿನ ಕೆರೆಗಳ ಸುತ್ತ ನ್ಯಾಯಮಂಡಳಿ 75 ಮೀಟರಿಗೆ ಹಿಗ್ಗಿಸಿದ್ದ ಮೀಸಲು ವಲಯವನ್ನು, ನಗರ ಯೋಜನೆಯ ಕಾನೂನನ್ನು ಬದಲಿಸುವ ಅಧಿಕಾರ ಅದಕ್ಕಿಲ್ಲವೆಂದು ರದ್ದುಪಡಿಸಿತ್ತು. ಕೆರೆಗಳ ಹಿತದಿಂದ ನೋಡಿದರೆ ಇದು ನೋವಿನ ತೀರ್ಪು. ಕಾನೂನಿನ ದೃಷ್ಟಿಯಿಂದ ಅದನ್ನು ತಪ್ಪೆನ್ನಲಾಗದು: ನಿಯಮ ಬದಲಿಸಬೇಕಾದವರು ಸರ್ಕಾರದವರು, ಅವರು ಬದಲಿಸದಿದ್ದಾಗ ನ್ಯಾಯಮಂಡಳಿ ಅವರ ಕೆಲಸ ಮಾಡಲು ಹೋಗಿ ಎಡವಿತು. ಇನ್ನೊಂದು ಕಡೆ ನೇಮಕದ ಕೊರತೆ. ಕನಿಷ್ಠ ಹತ್ತು ನ್ಯಾಯಿಕ ಸದಸ್ಯರು, ಹತ್ತು ತಜ್ಞ ಸದಸ್ಯರು ಇರಬೇಕೆಂದು ಕಾಯ್ದೆ ಹೇಳುತ್ತದೆ. ಆದರೂ 2018ರ ಆರಂಭದಲ್ಲಿ ಚೆನ್ನೈ ಸೇರಿದಂತೆ ಪ್ರಾದೇಶಿಕ ಪೀಠಗಳು ಸದಸ್ಯರಿಲ್ಲದೆ ನಿಂತುಹೋಗುವ ಸ್ಥಿತಿಗೆ ಬಂದಿದ್ದವು.

ಕೋರ್ಟುಗಳು ಹಿಂದೆ ಸರಿಯಲಿ ಎನ್ನುವವರು

ಮೂರನೆಯ ಚಿಂತನೆ ಇಡೀ ಪ್ರಶ್ನೆಯನ್ನು ತಿರುಗಿಸಿ ಹಾಕುತ್ತದೆ. ಅಭಿವೃದ್ಧಿ ಎಂದರೆ ಉದ್ಯೋಗ, ವಿದ್ಯುತ್, ರಸ್ತೆಯೂ ಹೌದು. ಅವುಗಳ ಲಾಭನಷ್ಟ ತೂಗಿ ನೋಡುವುದು ಚುನಾಯಿತ ಸರ್ಕಾರದ ಕೆಲಸ. ಒಂದು ತೀರ್ಪಿನಿಂದ ಗಣಿ, ಕಾರ್ಖಾನೆ ರಾತ್ರೋರಾತ್ರಿ ಮುಚ್ಚಿದರೆ ಕೂಲಿ ಕಳೆದುಕೊಂಡವರು ಕೋರ್ಟಿನ ಮುಂದೆ ಕಕ್ಷಿದಾರರೇ ಆಗಿರುವುದಿಲ್ಲ. ಇಂಥ ತೀರ್ಪುಗಳ ಆರ್ಥಿಕ ಪರಿಣಾಮವನ್ನು ಅಳೆಯಲು ನೀತಿ ಆಯೋಗವೇ ಅಧ್ಯಯನ ಮಾಡಿಸಿತ್ತು. 2000ರ ನರ್ಮದಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಬಹುಮತವೂ ಅಣೆಕಟ್ಟು ಕಟ್ಟುವಂಥ ನೀತಿ ನಿರ್ಧಾರಗಳಲ್ಲಿ ಕೋರ್ಟ್ ಕೈಹಾಕಬಾರದೆಂಬ ನಿಲುವನ್ನೇ ತಳೆಯಿತು.

ಈ ವಾದದಲ್ಲಿ ಹುರುಳಿದೆ. 2021ರಲ್ಲಿ ರಾಜಸ್ಥಾನ, ಗುಜರಾತಿನ ದೊಡ್ಡ ಪ್ರದೇಶದಲ್ಲಿ ಹೆಬ್ಬಕ ಪಕ್ಷಿಯನ್ನು ಉಳಿಸಲು ವಿದ್ಯುತ್ ತಂತಿಗಳನ್ನು ನೆಲದಡಿ ಹಾಕಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಅದೇ ನೆಲದಲ್ಲಿ ಸೌರವಿದ್ಯುತ್ ಯೋಜನೆಗಳಿದ್ದವು. 2024ರ ಮಾರ್ಚ್‌ನಲ್ಲಿ ಕೋರ್ಟ್ ತನ್ನ ಆದೇಶವನ್ನೇ ಸಡಿಲಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಅಳಿವಿನಂಚಿನ ಹಕ್ಕಿಯೂ ಕಲ್ಲಿದ್ದಲಿಗೆ ಪರ್ಯಾಯವಾದ ವಿದ್ಯುತ್ತೂ ಎರಡೂ ಸುಸ್ಥಿರತೆಯ ಪಕ್ಷದಲ್ಲೇ ಇರುವಾಗ ಕಾನೂನಿನ ತತ್ವ ತಾನಾಗಿ ಉತ್ತರ ಕೊಡುವುದಿಲ್ಲ.

ಆದರೂ ಈ ಚಿಂತನೆ ಒಂದು ವಿಷಯವನ್ನು ಮರೆಮಾಡುತ್ತದೆ. ಆಡಳಿತ ತೂಗಿ ನೋಡಿದೆ ಎಂದು ನಂಬಬೇಕಾದರೆ ತಕ್ಕಡಿಗೆ ಸರಿಯಾದ ಮಾಹಿತಿ ಬಿದ್ದಿರಬೇಕು. 2006ರ ಅಧಿಸೂಚನೆಯ ಪ್ರಕಾರ ಪರಿಸರ ಪರಿಣಾಮದ ವರದಿ ಬರೆಯುವ ಸಲಹೆಗಾರರನ್ನು ನೇಮಿಸಿ ಹಣ ಕೊಡುವವರು ಯೋಜನೆಯ ಮಾಲೀಕರೇ. ಗೋವಾದ ಮೋಪಾ ವಿಮಾನ ನಿಲ್ದಾಣದ ಪ್ರಕರಣದಲ್ಲಿ ಸುತ್ತಲಿನ ಸೂಕ್ಷ್ಮ ಪ್ರದೇಶಗಳ ವಿವರವನ್ನು ಅರ್ಜಿಯಲ್ಲಿ ಮುಚ್ಚಿಟ್ಟದ್ದು 2019ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಯಲಾಯಿತು. ಕೋರ್ಟ್ ಅನುಮತಿಯನ್ನು ತಡೆಹಿಡಿದು ಮರುಪರಿಶೀಲನೆಗೆ ಕಳುಹಿಸಿತು, ಮರುವರ್ಷ ಷರತ್ತುಗಳೊಂದಿಗೆ ಯೋಜನೆಗೆ ದಾರಿಬಿಟ್ಟಿತು. ಅಲ್ಲಿ ಕೋರ್ಟ್ ಅಭಿವೃದ್ಧಿಯನ್ನು ನಿಲ್ಲಿಸಲಿಲ್ಲ, ಆಡಳಿತಕ್ಕೆ ಸತ್ಯ ನೋಡಿ ತೀರ್ಮಾನಿಸಲು ಹೇಳಿತು. ಉದ್ಯಮಕ್ಕೆ ನಷ್ಟವಾಗುವುದು ತೀರ್ಪಿನಿಂದಲೋ, ತೀರ್ಪು ತಡವಾಗಿ ಬರುವುದರಿಂದಲೋ ಎಂದೂ ಕೇಳಬೇಕು. ತೂತ್ತುಕುಡಿಯ ತಾಮ್ರದ ಕಾರ್ಖಾನೆಯನ್ನು 2018ರ ಮೇ ತಿಂಗಳಲ್ಲಿ, ಪೊಲೀಸರ ಗುಂಡಿಗೆ 13 ಮಂದಿ ಬಲಿಯಾದ ನಂತರ ಸರ್ಕಾರ ಮುಚ್ಚಿಸಿತು. ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ತೆರೆಯಬಹುದೆಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮಂಡಳಿಗೆ ಆ ಅಧಿಕಾರವಿರಲಿಲ್ಲ ಎಂದಿತು, ಮುಚ್ಚಿದ್ದೇ ಸರಿ ಎಂಬ ಕೊನೆಯ ಮಾತು ಬಂದದ್ದು 2024ರ ಫೆಬ್ರುವರಿಯಲ್ಲಿ. ಆರು ವರ್ಷದ ಅನಿಶ್ಚಿತತೆ ಕಾರ್ಮಿಕರಿಗೂ ಬಾಧಿತರಿಗೂ ಒಂದೇ ಸಮನಾಗಿ ಕೆಟ್ಟದ್ದು. ಯಾವ ವಿಷಯಕ್ಕೆ ಯಾವ ಬಾಗಿಲು ಎಂಬುದು ಮೊದಲೇ ಸ್ಪಷ್ಟವಿದ್ದಿದ್ದರೆ ಅದರ ಅರ್ಧವಾದರೂ ಉಳಿಯುತ್ತಿತ್ತು.

ನ್ಯಾಯ ಹತ್ತಿರ ಬರಲಿ ಎನ್ನುವವರು

ನಾಲ್ಕನೆಯ ಚಿಂತನೆಗೆ ಹೆಚ್ಚು ಸದ್ದಿಲ್ಲ, ಆದರೆ ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. 1992ರ ರಿಯೋ ಘೋಷಣೆಯ ಹತ್ತನೇ ತತ್ವ ಪರಿಸರದ ವಿಷಯದಲ್ಲಿ ಮಾಹಿತಿ, ಭಾಗವಹಿಸುವಿಕೆ, ನ್ಯಾಯ ಈ ಮೂರೂ ಜನರ ಕೈಗೆಟಕಬೇಕೆಂದಿತು. 2003ರ ಕಾನೂನು ಆಯೋಗ ಕೇಳಿದ್ದು ರಾಜ್ಯಮಟ್ಟದ ನ್ಯಾಯಾಲಯಗಳನ್ನು. ಸಿಕ್ಕಿದ್ದು ಇಡೀ ದೇಶಕ್ಕೆ ಐದು ಊರುಗಳಲ್ಲಿ ಪೀಠ. ಕಾರವಾರದ ಮೀನುಗಾರರಿಗಾಗಲಿ ಬೀದರದ ರೈತರಿಗಾಗಲಿ ಚೆನ್ನೈ ಹತ್ತಿರದ ಊರಲ್ಲ. ವಿಡಿಯೊ ಮೂಲಕ ವಿಚಾರಣೆ ಬಂದು ದೂರ ಕಡಿಮೆಯಾಗಿದ್ದು ನಿಜವಾದ ಸುಧಾರಣೆ, ಆದರೆ ಇಂಗ್ಲಿಷಿನ ಕಡತ, ವಕೀಲರ ಖರ್ಚು, ಪ್ರಯೋಗಾಲಯದ ವರದಿ ಹಾಗೆಯೇ ಉಳಿದಿವೆ. ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೇ ಕಲಮು ದೂರಿನ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಬರಬೇಕೆನ್ನುತ್ತದೆ, ವಿಳಂಬಕ್ಕೆ ಸಕಾರಣವಿದ್ದರೆ 60 ದಿನ ಹೆಚ್ಚು. ವರ್ಷಗಳ ಕಾಲ ಸ್ವಲ್ಪಸ್ವಲ್ಪವಾಗಿ ಕೆಡುವ ಬಾವಿಯ ನೀರಿಗೆ ಮೊದಲ ದಿನ ಯಾವುದು? ಅರಣ್ಯ ಹಕ್ಕು ಕಾಯ್ದೆ, ವನ್ಯಜೀವಿ ಕಾಯ್ದೆ ಎರಡೂ ನ್ಯಾಯಮಂಡಳಿಯ ವ್ಯಾಪ್ತಿಯ ಪಟ್ಟಿಯಲ್ಲಿಲ್ಲ; ಕಾಡಿನ ಅಂಚಿನ ಜನರ ಬಹುಪಾಲು ತಕರಾರುಗಳಿರುವುದು ಅಲ್ಲೇ.

ಈ ಚಿಂತನೆಯವರಿಗೆ ಆಧಾರ ನಿಯಮಗಿರಿ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಒಡಿಶಾದ ಆ ಬೆಟ್ಟದ ಬಾಕ್ಸೈಟ್ ಗಣಿಯ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಟ್ಟಿತು. ಹನ್ನೆರಡು ಗ್ರಾಮಗಳ ಸಭೆಗಳೂ ಬೇಡವೆಂದವು, ಗಣಿ ಬರಲಿಲ್ಲ. ಸ್ಥಳೀಯ ಕಚೇರಿಗಳು, ಸ್ಥಳೀಯ ಕೋರ್ಟುಗಳು ಬಲಾಢ್ಯರ ಒತ್ತಡಕ್ಕೆ ಬೇಗ ಮಣಿಯುತ್ತವೆ, ಜಿಲ್ಲಾ ನ್ಯಾಯಾಲಯಗಳಲ್ಲಿ ಈಗಾಗಲೇ ನಾಲ್ಕು ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿ ಇವೆ ಎಂಬ ಆಕ್ಷೇಪ ಬರುತ್ತದೆ. ಆಕ್ಷೇಪ ಸರಿಯಾದದ್ದೇ. ಅದಕ್ಕಾಗಿ ದೊಡ್ಡ ಯೋಜನೆಯ ಅನುಮತಿಯಂಥ ಪ್ರಶ್ನೆಗಳು ಮೇಲಿನ ಪೀಠಗಳಲ್ಲೇ ಇರಲಿ. ಆದರೆ ಊರ ಚರಂಡಿ, ಕ್ವಾರಿಯ ಧೂಳು, ಕೆರೆಗೆ ಬಿಡುವ ಕೊಳೆನೀರು ಇವಕ್ಕೆ ರತ್ಲಾಮ್‌ನ ಹಳೆಯ ದಾರಿ ಇಂದಿಗೂ ಇದೆ. 133ನೇ ಕಲಮಿನ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ.

ಬಳ್ಳಾರಿಯ ಪಾಠ

ನಾಲ್ಕೂ ಚಿಂತನೆಗಳ ಬಲವೂ ಮಿತಿಯೂ ಒಟ್ಟಿಗೆ ಕಾಣುವುದು ಬಳ್ಳಾರಿಯಲ್ಲಿ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ 2009ರಲ್ಲಿ ಸಲ್ಲಿಸಿದ ಅರ್ಜಿ, ಲೋಕಾಯುಕ್ತರ ವರದಿ, ಕೇಂದ್ರ ಉನ್ನತಾಧಿಕಾರ ಸಮಿತಿಯ ತಪಾಸಣೆ ಇವುಗಳ ಆಧಾರದ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ, ಆಗಸ್ಟ್‌ಗಳಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ನಿಯಮಗಿರಿಯ ತೀರ್ಪು ಬಂದ ದಿನವೇ, 2013ರ ಏಪ್ರಿಲ್ 18ರಂದು, ಅಂತಿಮ ತೀರ್ಪು ಬಂತು. ನೆಲದ ಮೇಲೆ ಸರ್ವೆ ಮಾಡಿ, ಗುತ್ತಿಗೆಯ ಗಡಿ ದಾಟಿ ಎಷ್ಟು ಅಗೆದಿದ್ದಾರೆ ಎಂದು ಅಳೆದು, ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವು ಪುನಶ್ಚೇತನ ಯೋಜನೆ ಮಾಡಿ, ದಂಡ ಕಟ್ಟಿ ಮತ್ತೆ ತೆರೆದವು. ವರ್ಷಕ್ಕೆ 3 ಕೋಟಿ ಟನ್ನಿನ ಮಿತಿ, ಇ-ಹರಾಜಿನ ಮೂಲಕ ಮಾರಾಟ. ಪರಿಸರವೂ ಉದ್ಯಮವೂ ಎರಡೂ ಉಳಿಯುವಂತೆ ಒಂದು ಕೋರ್ಟ್ ನಡೆಸಿದ ದೊಡ್ಡ ಪ್ರಯೋಗ ಇದು; ನ್ಯಾಯಾಲಯ ಎಂದರೆ ಅಭಿವೃದ್ಧಿಗೆ ತಡೆ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು. ಮಿತಿ 2022ರ ಹೊತ್ತಿಗೆ 5 ಕೋಟಿ ಟನ್ನಿಗೆ ಏರಿತು, ಗಣಿಗಳು ನಡೆದಿವೆ.

ಈ ಭಾಗ ಯಶಸ್ವಿಯಾದದ್ದು ಯಾಕೆ? ಸಾಕ್ಷ್ಯ ಕಕ್ಷಿದಾರರಿಂದ ಬರಲಿಲ್ಲ, ಕೋರ್ಟಿಗೇ ಉತ್ತರ ಕೊಡಬೇಕಾದ ಸಮಿತಿಯಿಂದ ಬಂತು. ಗಡಿಯನ್ನು ಅಳೆದ ಮೇಲೆ ವಾದಕ್ಕೆ ಜಾಗ ಕಡಿಮೆಯಾಯಿತು. ಜಾರಿಯೂ ಮಾರಾಟದ ವ್ಯವಸ್ಥೆಯೊಳಗೇ ಸೇರಿಕೊಂಡಿತ್ತು: ಹರಾಜಿನ ದಾರಿ ಬಿಟ್ಟರೆ ಅದಿರು ಹೊರಗೆ ಹೋಗುವಂತಿರಲಿಲ್ಲ. ಇದೇ ತೀರ್ಪಿನ ಇನ್ನೊಂದು ಭಾಗ, ಗಣಿಬಾಧಿತ ಹಳ್ಳಿಗಳ ನೀರು, ಆರೋಗ್ಯ, ರಸ್ತೆ, ಕಾಡುಗಳ ಪುನಶ್ಚೇತನ, ಹಾಗಾಗಲಿಲ್ಲ. ಹರಾಜಿನ ಹಣದಲ್ಲಿ ಸಾವಿರಾರು ಕೋಟಿ ರೂಪಾಯಿ ಈ ಉದ್ದೇಶಕ್ಕೆ ಕೂಡಿತು. ಯೋಜನೆಯ ಒಪ್ಪಿಗೆಯ ಜಗಳದಲ್ಲಿ ಹಣ ವರ್ಷಗಳ ಕಾಲ ಖಾತೆಯಲ್ಲೇ ಕೂತಿತು. 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲುಸ್ತುವಾರಿಗೆ ನೇಮಿಸಿದ ಮೇಲೆ ದಾರಿ ತೆರೆಯಿತು. ತಪ್ಪು ಮಾಡಿದವರನ್ನು ತಡೆಯಲು ಎರಡು ವರ್ಷ ಸಾಕಾಯಿತು, ತೊಂದರೆಗೊಳಗಾದವರಿಗೆ ಹಣ ತಲುಪುವ ದಾರಿ ತೆರೆಯಲು ಮತ್ತೆ ಒಂಬತ್ತು ವರ್ಷ ಬೇಕಾಯಿತು. ಸಂಡೂರಿನ ಧೂಳಿನಲ್ಲಿ ಬದುಕಿದವರ ಕಡೆಯಿಂದ ನೋಡಿದರೆ ಈ ಒಂಬತ್ತು ವರ್ಷಗಳೇ ನ್ಯಾಯವ್ಯವಸ್ಥೆಯ ನಿಜವಾದ ಅಳತೆ.

ಇನ್ನೂ ತೀರ್ಮಾನವಾಗದ್ದು

ಕೆಲವು ಪ್ರಶ್ನೆಗಳು ತೆರೆದೇ ಇವೆ. ಮೊದಲೇ ಪಡೆಯಬೇಕಾದ ಪರಿಸರ ಅನುಮತಿಯನ್ನು ಕಟ್ಟಿದ ಮೇಲೆ ಕೊಡಬಹುದೇ? 2017, 2020ರ ತೀರ್ಪುಗಳು ಕೂಡದೆಂದವು; 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅಂಥ ಅನುಮತಿಗಳ ವ್ಯವಸ್ಥೆಯನ್ನೇ ರದ್ದುಮಾಡಿತು, ನವೆಂಬರಿನಲ್ಲಿ 2–1 ಬಹುಮತದಿಂದ ಆ ತೀರ್ಪನ್ನು ಹಿಂತೆಗೆದುಕೊಂಡಿತು. ಕಟ್ಟಿದ್ದನ್ನು ಕೆಡವಿದರೂ ಪರಿಸರಕ್ಕೆ ಹಾನಿ ಎಂಬ ವಾದವನ್ನು ಅಲ್ಲಗಳೆಯುವುದು ಕಷ್ಟ. ಆದರೆ ದಂಡ ಕಟ್ಟಿ ಸರಿಮಾಡಿಕೊಳ್ಳಬಹುದೆಂಬ ನಂಬಿಕೆ ಬಂದರೆ ಮುಂಜಾಗ್ರತೆಯ ತತ್ವಕ್ಕೆ ಉಳಿಯುವುದು ಹೆಸರು ಮಾತ್ರ. ದಂಡವನ್ನು ಲೆಕ್ಕ ಹಾಕುವುದು ಹೇಗೆ ಎಂಬುದೂ ಇತ್ಯರ್ಥವಾಗಿಲ್ಲ. ಕಂಪನಿಯ ವಹಿವಾಟಿನ ಮೊತ್ತವನ್ನೇ ಅಳತೆಗೋಲು ಮಾಡಬಹುದೇ ಎಂಬ ವಾದ ಮತ್ತೆ ಮತ್ತೆ ಬಂದಿದೆ. ದಂಡ ತೆರುವವರು ಸರ್ಕಾರವೇ ಆದಾಗ ಪ್ರಶ್ನೆ ಇನ್ನಷ್ಟು ಕಠಿಣ. ತ್ಯಾಜ್ಯ ನಿರ್ವಹಣೆಯ ವೈಫಲ್ಯಕ್ಕೆ 2022ರ ಅಕ್ಟೋಬರಿನಲ್ಲಿ ಹಸಿರು ನ್ಯಾಯಮಂಡಳಿ ಕರ್ನಾಟಕಕ್ಕೆ 2,900 ಕೋಟಿ ರೂಪಾಯಿ ಹೊಣೆ ಹೊರಿಸಿತು. ಆ ಹಣ ತೆರಿಗೆ ಕಟ್ಟುವವರದ್ದೇ, ಕೆರೆಯ ಪಕ್ಕ ಇರುವವರೂ ಅವರೇ. ಕರ್ತವ್ಯ ಮಾಡದ ಅಧಿಕಾರಿಯನ್ನು ಹೆಸರು ಹಿಡಿದು ಹೊಣೆ ಮಾಡುವ ನಿಯಮ ಇನ್ನೂ ರೂಪುಗೊಂಡಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗಳೇ ಪರಿಹಾರದ ಹಣ ವಿಧಿಸಬಹುದೆಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಮಂಡಳಿಗಳನ್ನು ಸ್ವತಂತ್ರಗೊಳಿಸುವವರು ಯಾರು ಎಂಬುದಕ್ಕೆ ಉತ್ತರವಿಲ್ಲ.

ನ್ಯಾಯಮಂಡಳಿಗಳ ನೇಮಕ, ಅವಧಿಯ ವಿಷಯದಲ್ಲಿ ಸಂಸತ್ತು ಮಾಡಿದ ನಿಯಮಗಳನ್ನು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮತ್ತೆ ರದ್ದುಪಡಿಸಿತು. ಈ ಹಗ್ಗಜಗ್ಗಾಟ ಮುಗಿದಿಲ್ಲ. ಹಸಿರು ನ್ಯಾಯಮಂಡಳಿ ಇದ್ದರೂ ಹೈಕೋರ್ಟಿನ ರಿಟ್ ಅಧಿಕಾರ ಉಳಿದಿದೆ ಎಂದು 2022ರಲ್ಲಿ ಸ್ಪಷ್ಟವಾಯಿತು, ಆದರೆ ಜನ ಮೊದಲು ಎಲ್ಲಿಗೆ ಹೋಗಬೇಕು ಎಂಬುದು ಸ್ಪಷ್ಟವಾಗಲಿಲ್ಲ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕನ್ನು ಹೆಬ್ಬಕದ ಪ್ರಕರಣದಲ್ಲೇ ಕೋರ್ಟ್ ಗುರುತಿಸಿದೆ; ಆ ಹಕ್ಕು ಮುರಿದಾಗ ಯಾವ ಕೋರ್ಟ್ ಯಾರ ವಿರುದ್ಧ ಏನು ಆದೇಶಿಸಬೇಕು ಎಂದು ಹೇಳುವ ಕಾನೂನು ದೇಶದಲ್ಲಿಲ್ಲ.

ಇವೆಲ್ಲ ತೀರ್ಮಾನವಾಗಲು ವರ್ಷಗಳು ಬೇಕು. ಜಾರಿಯ ಪ್ರಶ್ನೆಗೆ ಮಾತ್ರ ಅಷ್ಟು ಕಾಯಬೇಕಿಲ್ಲ. ಹಸಿರು ನ್ಯಾಯಮಂಡಳಿಯ ಆದೇಶವನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಜಾರಿ ಮಾಡಬಹುದು, ಅಮಲ್ಜಾರಿಗಾಗಿ ಅದನ್ನು ಸ್ಥಳೀಯ ಸಿವಿಲ್ ಕೋರ್ಟಿಗೆ ಕಳುಹಿಸಲೂಬಹುದು ಎಂದು ಕಾಯ್ದೆಯ 25ನೇ ಕಲಮು 2010ರಿಂದಲೇ ಹೇಳುತ್ತಿದೆ. ಚೆನ್ನೈಯ ಆದೇಶ ಆನೇಕಲ್ಲಿನಲ್ಲೋ ಹರಿಹರದಲ್ಲೋ ಜಾರಿಯಾಗಲು ಹೊಸ ಸಮಿತಿ ಬೇಕಿಲ್ಲ. ಕರ್ನಾಟಕದ ಕೆರೆ, ನದಿ, ಗಣಿಗಳ ಬಗ್ಗೆ ಈವರೆಗೆ ಬಂದ ಆದೇಶಗಳು ಎಷ್ಟು, ಅವುಗಳಲ್ಲಿ ಜಾರಿಯಾದವು ಯಾವುವು, ಉಳಿದವಕ್ಕೆ ಹೊಣೆ ಯಾರದು ಎಂಬ ಪಟ್ಟಿಯನ್ನು ರಾಜ್ಯ ಸರ್ಕಾರ ಜಿಲ್ಲಾವಾರು, ಕನ್ನಡದಲ್ಲಿ, ಎಲ್ಲರೂ ನೋಡುವಂತೆ ಪ್ರಕಟಿಸಲಿ. ಪ್ರಕಟಿಸದಿದ್ದರೆ ಮಾಹಿತಿ ಹಕ್ಕಿನಡಿ ಅದನ್ನು ಕೇಳಿ ಪಡೆಯುವ ಕೆಲಸವನ್ನು ಆಯಾ ಊರಿನ ಓದುಗರು, ವಕೀಲರು, ಪತ್ರಕರ್ತರು ಕೈಗೆತ್ತಿಕೊಳ್ಳಬೇಕು.